ಬೂದು ಕುದುರೆಯ ತೊಗಲು

ಆ ದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಒಂಬತ್ತು ದಿನ ಮುಖದ ಚರ್ಮ ಸುಲಿಯುವಂತೆ ಬೀಸಿದ ಬಡಗಣ ಗಾಳಿ ರಾತ್ರಿ ಕಳೆಯುವುದರೊಳಗೆ ಎಲ್ಲಿಗೋ ಹೋಗಿಬಿಟ್ಟಿತ್ತು. ಆಕಾಶ ತೊಳೆಯದ ಕುರಿಯುಣ್ಣೆಯ ಹಾಗೆ ಕೆಳಗಿಳಿದು ಬೆಟ್ಟದ ಹೆಗಲ ಮೇಲೆ ಕೂತಿತ್ತು. ಸೂರಿನ ಅಂಚಿನಲ್ಲಿ ಇಳಿಬಿದ್ದ ಹಿಮಗೋಲಿನಿಂದ ಒಂದು ಹನಿ ಬಿತ್ತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅರಪ್ತಾನ್ ಬಾಗಿಲಲ್ಲಿ ನಿಂತು ಆ ಹನಿಗಳ ಸದ್ದು ಕೇಳಿದ. ಚಳಿಗಾಲದ ನಟ್ಟನಡುವೆ ಬೆಚ್ಚಗಿನ ದಿನ ಬಂದರೆ ಮಕ್ಕಳಿಗೆ ಹಬ್ಬ, ಬೆಟ್ಟ ಹತ್ತುವವನಿಗೆ ಶಿಕ್ಷೆ.

ಹೆಂಡತಿ ತೊರ್ಗು ಉಪ್ಪು ಹಾಕಿದ ಹಾಲು ಚಹಾದ ಮೊದಲ ಬಟ್ಟಲನ್ನು ಅಂಗಳಕ್ಕೆ ತಂದು, ಮರದ ಸೌಟಿನಿಂದ ನಾಲ್ಕು ದಿಕ್ಕಿಗೂ ಚಿಮುಕಿಸಿದಳು. ಕೊನೆಯ ಸೌಟನ್ನು ಬೆಟ್ಟದ ಕಡೆಗೆ ಎತ್ತಿ ಎಸೆದು, "ಒಡೆಯಾ, ಹತ್ತಿದವರನ್ನ ಇಳಿಸಿ ಕೊಡು" ಎಂದು ತುಟಿಯಲ್ಲೇ ಹೇಳಿಕೊಂಡಳು.

"ಇವತ್ತು ಹಿಮ ಅಂಟತ್ತೆ," ಎಂದ ಅರಪ್ತಾನ್.

"ಅಂಟ್ಲಿ ಬಿಡಿ. ನಿಮ್ಮಂಥೋರು ಅಂಟ್ಕೊಂಡು ಮೂವತ್ತೆಂಟು ವರ್ಷ ನಾನು ಹತ್ಲಿಲ್ವಾ?"

ಅವನು ನಕ್ಕ. ನಗುವುದಕ್ಕೂ ಬೆನ್ನು ನೋಯುತ್ತದೆ ಎಂಬುದು ಆ ಚಳಿಗಾಲದಲ್ಲೇ ಅವನಿಗೆ ಗೊತ್ತಾದದ್ದು.

ಅವನ ಐದು ಹೆಣ್ಣುಕುದುರೆಗಳು ಮೇಲೆ ಸಿಕ್ಕಿಬಿದ್ದಿದ್ದವು. ಪ್ರತಿ ಚಳಿಗಾಲವೂ ಅವುಗಳನ್ನು ಬೆಟ್ಟದ ಮೇಲಿನ ಹುಲ್ಲುಹಾಸಿನಲ್ಲಿ ಬಿಡುವುದು ವಾಡಿಕೆ. ಅಲ್ಲಿ ಗಾಳಿಯೇ ಹಿಮವನ್ನು ಗುಡಿಸಿ ಒಣಹುಲ್ಲನ್ನು ತೆರೆದಿಡುತ್ತದೆ. ಕುದುರೆ ಗೊರಸಿನಿಂದ ಕೆರೆದು ತಿಂದುಕೊಂಡು ಬದುಕುತ್ತದೆ. ಈ ಸಲ ಕಾಲ ತಪ್ಪಿ ಒಂದು ಸಂಜೆ ಮಳೆ ಹೊಯ್ದು, ಬೆಳಗಾಗುವಷ್ಟರಲ್ಲಿ ಹುಲ್ಲಿನ ಮೇಲೆಲ್ಲ ಗಾಜಿನಂಥ ಮಂಜುಗಡ್ಡೆ ಕಟ್ಟಿತು. ಅದರ ಹಿಂದೆಯೇ ಬಂದ ಹಿಮ ಇಳಿಯುವ ಕಣಿವೆಯನ್ನು ಕುದುರೆಯ ಎದೆಮಟ್ಟ ತುಂಬಿಬಿಟ್ಟಿತು. ಕೆಳಗೆ ಬರಲು ದಾರಿಯಿಲ್ಲ, ಮೇಲೆ ಮೇವಿಲ್ಲ. ಐದರಲ್ಲಿ ಮೂರು ಗಬ್ಬ. ಹಸಿದ ಕುದುರೆ ಮಂಜುಗಡ್ಡೆಯ ಮೇಲೆ ಒಮ್ಮೆ ಮಲಗಿತೆಂದರೆ ಮತ್ತೆ ಏಳುವುದಿಲ್ಲ. ಆದ್ದರಿಂದ ಕಣಿವೆ ತೆರೆಯುವವರೆಗೆ ಹುಲ್ಲನ್ನು ಮನುಷ್ಯನೇ ಎಳೆದುಕೊಂಡು ಹತ್ತಬೇಕು. ಅವು ಸಾಯದೆ ನಿಂತಿರಲು ದಿನಕ್ಕೆ ಮೂರು ಹೊರೆ. ಮೂರು ಸಲ ಹತ್ತುವುದು, ಮೂರು ಸಲ ಇಳಿಯುವುದು.

ಸೂರಿನ ಕೆಳಗೆ ತೂಗಿದ್ದ ಸ್ಕೀ ಹಲಗೆಗಳನ್ನು ಇಳಿಸಿದ. ಸ್ಪ್ರೂಸ್ ಮರದ ಹಲಗೆ. ಮುಂದಿನ ತುದಿ ಬಿಸಿನೀರಲ್ಲಿ ಬಾಗಿಸಿದ್ದು. ಅಡಿಗೆ ಕುದುರೆಯ ಕಾಲಿನ ತೊಗಲು, ಕೂದಲು ಹಿಂದಕ್ಕೆ ಮಲಗುವಂತೆ ಬಿಗಿದು ಮೊಳೆ ಹೊಡೆದದ್ದು. ಹತ್ತುವಾಗ ಆ ಕೂದಲು ನೆಲವನ್ನು ಹಿಡಿಯುತ್ತದೆ, ಇಳಿಯುವಾಗ ಬಿಡುತ್ತದೆ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಕಲಿಯಲು ಮನುಷ್ಯನಿಗೆ ಒಂದು ಆಯುಸ್ಸು ಸಾಲದು. ಸತ್ತ ಕುದುರೆಯ ಕಾಲಿಗೆ ಅದು ಹುಟ್ಟಿನಿಂದಲೇ ಗೊತ್ತು.

ಆ ತೊಗಲಿನದೇ ಒಂದು ಕಟ್ಟಳೆ ಅವರಲ್ಲಿ ಉಂಟು. ಕುದುರೆ ಸತ್ತರೆ ಅದರ ಕಾಲಿನ ತೊಗಲನ್ನು ಮಾರಬಾರದು. ಬೇಕಾದವನು ಕೇಳಲೂಬಾರದು. ಕೇಳಿ ಪಡೆದ ತೊಗಲು ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಒಡೆಯ ತಾನಾಗಿ ಕೊಡಬೇಕು. ಪಡೆದವನು ತನ್ನ ಮನೆಯಲ್ಲಿ ಕುದುರೆ ಸತ್ತಾಗ, ಹಾಗೆಯೇ ತಾನಾಗಿ, ತೊಗಲಿಗೆ ತೊಗಲು ಮರಳಿಸಬೇಕು. ಏಳು ಚಳಿಗಾಲದ ಹಿಂದೆ ಅರಪ್ತಾನನ ಬೂದು ಬಣ್ಣದ ಗಂಡುಕುದುರೆ ವಯಸ್ಸಾಗಿ ಸತ್ತಿತು. ಮೇಲಿರುವ ಐದೂ ಅದರ ಮಕ್ಕಳೇ. ಅದರ ಕಾಲಿನ ತೊಗಲನ್ನು ಅವನು ಪಕ್ಕದ ಮನೆಯ ಸೆದಿಪನಿಗೆ ಕೊಟ್ಟಿದ್ದ. ಸೆದಿಪ್ ಅವನನ್ನು ಅಣ್ಣ ಎನ್ನುತ್ತಿದ್ದವನು. ಬೇಟೆಯಲ್ಲಿ ಒಂದೇ ಬಟ್ಟಲಲ್ಲಿ ಉಂಡವನು. ಹೋದ ವರ್ಷದ ಹಿಂದಿನ ಶರತ್ಕಾಲದಲ್ಲಿ ಸೆದಿಪನ ಕಂದು ಕುದುರೆ ಸತ್ತಿತು. ಅರಪ್ತಾನ್ ಕಾದ. ತೊಗಲು ಬರಲಿಲ್ಲ. ಅದೇ ದಿನಗಳಲ್ಲಿ ಪಟ್ಟಣದವನೊಬ್ಬ ಹಳೆಯ ಹಲಗೆ, ತೊಗಲು ಎಲ್ಲ ಕೊಳ್ಳುತ್ತ ಊರೂರು ಸುತ್ತಿದ್ದ. ಮಾರಿಕೊಂಡಿರಬೇಕು ಎಂದು ಅರಪ್ತಾನನ ಮನಸ್ಸಿನಲ್ಲಿ ಒಂದು ಮಾತು ಹುಟ್ಟಿತು. ಅವನು ಕೇಳಲಿಲ್ಲ, ಕೇಳುವಂತಿರಲಿಲ್ಲ. ಸೆದಿಪನೂ ಹೇಳಲಿಲ್ಲ. ಮೊದಲು ತೊಗಲಿನ ಮಾತು ನಿಂತಿತು, ಆಮೇಲೆ ಹವೆಯ ಮಾತು ನಿಂತಿತು, ಕಡೆಗೆ ಕಂಡಾಗ ತಲೆಯಾಡಿಸುವುದೂ ನಿಂತಿತು. ಹೆಂಗಸರು ಮಾತ್ರ ಎಂದಿನಂತೆ ಮೊಸರು, ಹೆಪ್ಪು ಎಂದು ಹೋಗಿಬಂದು ಮಾಡುತ್ತಿದ್ದರು.

ಬೆಟ್ಟದ ಬುಡದಲ್ಲಿ ತೊರ್ಗುವಿನ ಅಣ್ಣನ ಮಗ ಬುಯಾನ್ ಸಿಕ್ಕಿದ. ಅವನ ದನಗಳು ಬೆಟ್ಟದ ಆಚೆಯ ಏಣಿನಲ್ಲಿದ್ದವು. ಊರಿನಲ್ಲಿ ಹಲಗೆ ಕಟ್ಟಬಲ್ಲವರೆಲ್ಲ ಆ ದಿನಗಳಲ್ಲಿ ತಮ್ಮ ತಮ್ಮ ಪ್ರಾಣಿಗಳಿಗೆ ಹುಲ್ಲು ಎಳೆಯುತ್ತಿದ್ದರು. ಅವನು ಹಲಗೆ ಬೋರಲು ಹಾಕಿ ಅದರ ಕೂದಲಿಗೆ ಕುರಿಯ ಕೊಬ್ಬು ತಿಕ್ಕುತ್ತ ಕೂತಿದ್ದ.

"ಏನ್ ಮಾವ, ಇನ್ನೂ ಜೀವ ಐತಾ?"

"ಅರ್ಧ ಮೇಲೈತೆ, ಅರ್ಧ ಕೆಳಗೈತೆ. ಮಧ್ಯದಲ್ಲಿ ಬರೀ ಮೊಣಕಾಲು."

"ಕೊಬ್ಬು ಹಚ್ಕೋ. ಇವತ್ತು ಹಿಮ ಸಾಲಗಾರನ ಥರ ಕಾಲು ಹಿಡ್ಕೊಳ್ಳತ್ತೆ." ಬುಯಾನ್ ಕೊಬ್ಬಿನ ಉಂಡೆಯನ್ನು ಅವನತ್ತ ಎಸೆದು ಊರಿನ ಕಡೆ ಗದ್ದ ತೋರಿಸಿದ. "ನೋಡಲ್ಲಿ, ನಿಮ್ಮ ಪಕ್ಕದ್ಮನೆ ದೊರೆ. ದಿನಾ ಬಾಗಿಲಲ್ಲಿ ಕೂತ್ಕೊಂಡು ಇಳಿಜಾರು ನೋಡ್ತಾನೆ. ಅವನಿಗೇನ್ ಬಿಡು, ಇರೋ ಎರಡು ಕುದುರೇನೂ ಕೊಟ್ಟಿಗೇಲೈತೆ. ಪುಣ್ಯವಂತ."

"ನೋಡ್ಲಿ. ನೋಡೋದಕ್ಕೇನು ತೊಗಲು ಸವೆಯತ್ತಾ?" ಎಂದ ಅರಪ್ತಾನ್. ಹೇಳಿದ ಮೇಲೆ ಹೇಳಬಾರದಿತ್ತು ಎನಿಸಿತು.

ಎಳೆಯುವ ಹೊರೆ ಎಂದರೆ ಒಂದು ಇಡೀ ಕುದುರೆಯ ತೊಗಲನ್ನೇ ಮಡಿಸಿ ಹೊಲಿದ ಚೀಲ. ಅದರೊಳಗೆ ಹುಲ್ಲು ತುರುಕಿ, ಹಗ್ಗವನ್ನು ಸೊಂಟಕ್ಕೆ ಬಿಗಿದು, ಉದ್ದನೆಯ ಒಂಟಿ ಕೋಲನ್ನು ಎರಡು ಕೈಯಲ್ಲಿ ಹಿಡಿದು ಹತ್ತಬೇಕು. ಅವನು ಹತ್ತಿದ. ತನ್ನದೇ ಹಳೆಯ ಜಾಡು, ಒಂಬತ್ತು ದಿನ ತುಳಿದು ಗಟ್ಟಿಯಾದದ್ದು, ಅಡ್ಡಡ್ಡವಾಗಿ ತಿರುಗಿ ತಿರುಗಿ ಮೇಲೇರುತ್ತಿತ್ತು. ಆದರೆ ಇವತ್ತು ಅದೇ ಜಾಡು ಅಪರಿಚಿತವಾಗಿತ್ತು. ಮೆತ್ತಗಾದ ಹಿಮ ಹಲಗೆಯ ಅಡಿಗೆ ಉಂಡೆ ಉಂಡೆಯಾಗಿ ಮೆತ್ತಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು ಕೋಲಿನಿಂದ ಬಡಿದು ಉದುರಿಸಬೇಕಾಯಿತು. ಉದುರಿಸಿದ ಮೇಲೆ ಮತ್ತೆ ಹತ್ತು ಹೆಜ್ಜೆ. ಬಲಕ್ಕೆ ಬೆಟ್ಟದ ಬೋಳು ಹೊಟ್ಟೆ; ಬೆಚ್ಚಗಿನ ದಿನ ಅಲ್ಲಿ ಹಿಮ ಕುಸಿಯುತ್ತದೆಂದು ಮರಗಳ ಅಂಚನ್ನೇ ಹಿಡಿದು ಹೋದ.

ಅರ್ಧ ದಾರಿಯಲ್ಲಿ ಬಟ್ಟೆಯ ಚೂರುಗಳನ್ನು ಕಟ್ಟಿದ ದೇವರ ಮರ. ಅಲ್ಲಿ ಪ್ರತಿ ಸಲವೂ ನಿಲ್ಲುತ್ತಿದ್ದ. ಜೇಬಿನಿಂದ ಒಣ ಗಿಣ್ಣಿನ ಒಂದು ಚೂರು ತೆಗೆದು ಬುಡದಲ್ಲಿಟ್ಟು ಕಣ್ಣು ಮುಚ್ಚುತ್ತಿದ್ದ. ಮೊದಲ ದಿನಗಳಲ್ಲಿ ಏನೇನೋ ಬೇಡುತ್ತಿದ್ದ: ಕಣಿವೆ ತೆರೆಯಲಿ, ಗಬ್ಬ ನಿಲ್ಲಲಿ, ತೋಳ ಬರದಿರಲಿ. ದಿನ ಕಳೆದಂತೆ ಬೇಡಿಕೆ ಒಂದೊಂದಾಗಿ ಉದುರಿ, ಈಗ ನಿಂತು ಉಸಿರು ಬಿಡುವುದೊಂದೇ ಉಳಿದಿತ್ತು. ದಣಿದವನ ಉಸಿರೂ ಪ್ರಾರ್ಥನೆಯ ಲೆಕ್ಕಕ್ಕೇ ಸೇರುತ್ತದೆ ಎಂದು ಅವನ ತಾಯಿ ಹೇಳುತ್ತಿದ್ದಳು.

ಮೇಲೆ ಕುದುರೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಎಲ್ಲಕ್ಕೂ ಹಿರಿಯಳಾದ ಬಿಳಿಕಾಲಿ ಮೊದಲು ಬಂದು ಚೀಲಕ್ಕೆ ಮೂತಿ ಹಾಕಿದಳು. ಅವಳ ಪಕ್ಕೆಲುಬುಗಳು ಬುಟ್ಟಿಯ ಕಡ್ಡಿಗಳ ಹಾಗೆ ಕಾಣುತ್ತಿದ್ದವು. ಹೊಟ್ಟೆ ಮಾತ್ರ ಕೆಳಗೆ ತೂಗುತ್ತಿತ್ತು. ಅರಪ್ತಾನ್ ಕೈಗವಸು ಕಳಚಿ ಆ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಒಂದು ಮೆಲ್ಲನೆಯ ತಳ್ಳು.

"ಇನ್ನೂ ಎರಡು ಸಲ ಬರ್ತೀನಿ ಕಣವ್ವ. ಮಲಗ್ಬೇಡ," ಎಂದ.

ಇಳಿಯುವುದು ಒಂದು ಕಾಲಕ್ಕೆ ಅವನಿಗೆ ಹಾಡಿನ ಹಾಗಿತ್ತು. ಕೋಲನ್ನು ಪಕ್ಕಕ್ಕೆ ಚುಕ್ಕಾಣಿಯಂತೆ ಊರಿ, ಹಿಂದಕ್ಕೆ ವಾಲಿ, ಗಾಳಿಗೆ ಮೈ ಕೊಟ್ಟರೆ ಸಾಕಿತ್ತು; ಗಂಟೆಗಟ್ಟಲೆ ಹತ್ತಿದ್ದನ್ನು ಒಂದು ಬಟ್ಟಲು ಚಹಾ ಆರುವುದರೊಳಗೆ ಇಳಿದು ಬರುತ್ತಿದ್ದ. ಈಗ ಇಳಿಯುವುದೂ ಒಂದು ಕೆಲಸ. ತೊಡೆ ನಡುಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಕೆಳಗೆ ಮುಟ್ಟಿದಾಗ ಬಂದೆ ಎಂಬ ಸಮಾಧಾನಕ್ಕಿಂತ ಮತ್ತೆ ಹೋಗಬೇಕಲ್ಲ ಎಂಬುದೇ ಮೊದಲು ಬರುತ್ತದೆ.

ಎರಡನೆಯ ಸಲ ಹತ್ತಿದ, ಇಳಿದ. ಮೂರನೆಯ ಸಲಕ್ಕೆ ಬೆಳಕು ಮಂಕಾಗಿತ್ತು, ಕೊಬ್ಬೆಲ್ಲ ತೊಳೆದುಹೋಗಿತ್ತು. ತೊಗಲು ನೀರು ಕುಡಿದು ಹಲಗೆ ಕಲ್ಲಿನಷ್ಟು ಭಾರವಾಗಿತ್ತು. ಮನೆ ಮುಟ್ಟುವಾಗ ಅವನಿಗೆ ತನ್ನ ಕಾಲು ಎಲ್ಲಿ ಮುಗಿದು ಹಲಗೆ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ.

ತೊರ್ಗು ಮನೆಯಲ್ಲಿರಲಿಲ್ಲ. ಸೆದಿಪನ ತಾಯಿ ದೋಲ್ಗರಜ್ಜಿ ಹಾಸಿಗೆ ಹಿಡಿದಿದ್ದಳು. ಅವಳ ಕಾಲೊತ್ತಲು ತೊರ್ಗು ಹೋಗಿದ್ದಳು. ಒಲೆಯ ಮೇಲೆ ಚಹಾ ಇತ್ತು. ಹಲಗೆ ಹೊಸ್ತಿಲು ದಾಟಬಾರದು ಎಂಬುದು ಆ ಊರಿನ ಹಸುಗೂಸಿಗೂ ಗೊತ್ತು. ಹಿಮ ಬಡಿದು, ಸೂರಿನ ಕೆಳಗೆ ಚಳಿಗೆ ತೂಗುಹಾಕಬೇಕು; ಚಳಿಯೇ ಅದನ್ನು ಒಣಗಿಸುತ್ತದೆ. ದಿನವೂ ಆ ಕೆಲಸ ತೊರ್ಗುವಿನದು. ಆದರೆ ಅರಪ್ತಾನ್ ನೆನೆದ ತೊಗಲನ್ನು ಮುಟ್ಟಿ ನೋಡಿದ. ಇಷ್ಟು ನೀರು ಕುಡಿದದ್ದು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಕೂದಲಿನ ತುಂಬ ಮಂಜುಗಡ್ಡೆ; ಒಂದು ಹೆಜ್ಜೆಯೂ ಹಿಡಿಯದು. ಸ್ವಲ್ಪ ಹೊತ್ತು, ನೀರಿಳಿಯುವವರೆಗೆ ಮಾತ್ರ, ಎಂದುಕೊಂಡು ಹಲಗೆಗಳನ್ನು ಒಳಗೆ ತಂದು ಒಲೆಯ ಹಿಂದೆ, ಸೌದೆಯ ಸಂದಿನಲ್ಲಿ ಒರಗಿಸಿದ. ಬೂಟು ಬಿಚ್ಚಲು ಬಗ್ಗಿದ. ಒಂದು ಬೂಟು ಬಿಚ್ಚಿದ.

ತೊರ್ಗು ಬಂದಾಗ ಅವನು ಗೋಡೆಗೊರಗಿ, ಒಂದು ಕಾಲಿಗೆ ಬೂಟು ಇಟ್ಟುಕೊಂಡೇ ನಿದ್ದೆ ಹೋಗಿದ್ದ. ಎಚ್ಚರವಾದೀತೆಂದು ಅವಳು ದೀಪ ಹಚ್ಚಲಿಲ್ಲ. ಹಲಗೆ ಹೊರಗೇ ಇರುತ್ತದೆಂದು ಯೋಚಿಸಲೂ ಇಲ್ಲ. ಮೇಲೆ ಕಂಬಳಿ ಹೊದಿಸಿ, ಅವನು ಬೆಚ್ಚಗಿರಲಿ ಎಂದು ಒಲೆಗೆ ಇನ್ನೆರಡು ಕೊರಡು ಹಾಕಿದಳು.

ಬೆಳಿಗ್ಗೆ ಮನೆ ತುಂಬ ಸುಟ್ಟ ಕೂದಲಿನ ವಾಸನೆ.

ತೊಗಲು ಕುಗ್ಗಿ, ಮೊಳೆಗಳನ್ನು ಕಿತ್ತುಕೊಂಡು, ಬೆಂಕಿಗೆ ಬಿದ್ದ ಎಲೆಯ ಹಾಗೆ ಸುರುಳಿಯಾಗಿತ್ತು. ಬಲಗಡೆಯದು ಅಡ್ಡಕ್ಕೆ ಸೀಳಿಹೋಗಿತ್ತು. ಅರಪ್ತಾನ್ ಅದನ್ನು ಕೈಗೆತ್ತಿಕೊಂಡು ಬಿಡಿಸಲು ನೋಡಿದ. ಅದು ಹಪ್ಪಳದ ಹಾಗೆ ಮುರಿಯಿತು.

"ನಾನು ಹಾಕಿದ ಕೊರಡು," ಎಂದಳು ತೊರ್ಗು.

"ನಾನು ತಂದ ಹಲಗೆ."

ಬೆಂದ ತೊಗಲು ಮತ್ತೆ ಹಸಿಯಾಗುವುದಿಲ್ಲ ಎಂಬುದನ್ನು ಒಬ್ಬರಿಗೊಬ್ಬರು ಹೇಳಬೇಕಾಗಿರಲಿಲ್ಲ.

"ಪಕ್ಕದ್ಮನೇಲಿ ಹಲಗೆ ಸುಮ್ನೆ ತೂಗಾಡ್ತೈತೆ," ಎಂದಳು ಅವಳು ಮೆಲ್ಲಗೆ.

"ಕೇಳೋ ವಸ್ತುವಲ್ಲ ಅದು. ನಿನಗೇ ಗೊತ್ತು."

"ನೀವು ಕೇಳಿ ಅಂದ್ನಾ? ತೂಗಾಡ್ತೈತೆ ಅಂದೆ."

ಅವನು ಬರಿಯ ಮರದ ಹಲಗೆಗೆ ಕುದುರೆಗೂದಲಿನ ಹಗ್ಗವನ್ನು ಸುತ್ತಿ ಬಿಗಿದು ಹೊರಟ. ರಾತ್ರಿ ಮತ್ತೆ ಚಳಿ ಬಿಗಿದಿತ್ತು, ಜಾಡು ಕನ್ನಡಿಯಾಗಿತ್ತು. ಮೊದಲ ತಿರುವಿನವರೆಗೆ ಹಗ್ಗ ಹೇಗೋ ಹಿಡಿಯಿತು. ಎರಡನೆಯ ತಿರುವಿನಲ್ಲಿ ಜಾರಿ, ಹೊರೆಯ ಸಮೇತ ಹೊರಟಲ್ಲಿಗೇ ಬಂದುಬಿದ್ದ. ಎದ್ದು ಮತ್ತೆ ಹತ್ತಿದ, ಮತ್ತೆ ಜಾರಿದ. ಮೂರನೆಯ ಸಲ ಹಲಗೆ ಕಳಚಿ ಕಾಲ್ನಡಿಗೆಯಲ್ಲೇ ಹೋಗುವೆನೆಂದು ಜಾಡಿನ ಪಕ್ಕ ಕಾಲಿಟ್ಟ; ಹೆಪ್ಪಿನ ಪದರ ಮುರಿದು ಎದೆಯವರೆಗೂ ಹೂತುಹೋದ. ಕೋಲನ್ನು ಅಡ್ಡ ಹಾಕಿ ತೆವಳಿ ಈಚೆ ಬಂದವನು ಹುಲ್ಲಿನ ಚೀಲಕ್ಕೆ ಒರಗಿ ಕೂತ. ಅಳು ಬರಲಿಲ್ಲ, ಅದಕ್ಕೂ ತ್ರಾಣ ಬೇಕು. ಮೇಲೆ ಬಿಳಿಕಾಲಿ ಕಿವಿ ನಿಮಿರಿಸಿ ಇಳಿಜಾರಿನ ಅಂಚಿಗೆ ಬಂದು ನಿಂತಿರುತ್ತಾಳೆ ಎಂಬುದು ಮಾತ್ರ ಅವನಿಗೆ ನೋಡದೆಯೂ ಕಾಣುತ್ತಿತ್ತು.

ಆ ಊರಿನಲ್ಲಿ ಯಾವ ಬಾಗಿಲು ತೆರೆದರೂ ಆ ಇಳಿಜಾರು ಕಾಣುತ್ತದೆ. ಯಾರು ಹತ್ತಿದರು, ಎಲ್ಲಿ ನಿಂತರು, ಎಲ್ಲಿ ಬಿದ್ದರು ಎಂಬುದನ್ನು ಜನ ಪಂಚಾಂಗದ ಹಾಗೆ ಓದುತ್ತಾರೆ. ಹಿಂದಿನಿಂದ ಹಲಗೆಯ ಸದ್ದು ಕೇಳಿತು. ಒಣ ಹಿಮದ ಮೇಲೆ ಕೂದಲು ಉಜ್ಜುವ, ಉಸಿರೆಳೆದಂಥ ಸದ್ದು. ಅರಪ್ತಾನ್ ತಿರುಗಲಿಲ್ಲ.

ಸೆದಿಪ್ ಬಂದು ಅವನ ಪಕ್ಕ ನಿಂತ. ಅರಪ್ತಾನನಿಗಿಂತ ಒಂದು ಗೇಣು ಎತ್ತರದ ಆಳು; ಹಲಗೆಯೂ ಹಾಗೆಯೇ ಉದ್ದ. ಬಗ್ಗಿ, ಅರಪ್ತಾನನ ಸೊಂಟದಿಂದ ಹೊರೆಯ ಹಗ್ಗ ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡ. ಅರಪ್ತಾನ್ ತಡೆಯಲಿಲ್ಲ. ತಡೆಯುವ ಶಕ್ತಿ ಇದ್ದಿದ್ದರೆ ತಡೆಯುತ್ತಿದ್ದನೋ ಏನೋ. ಸೆದಿಪ್ ಜಾಡು ಹಿಡಿದು ಹತ್ತಿದ. ಅವನ ಹಲಗೆಯ ಅಡಿಯಲ್ಲಿ ಹೆಜ್ಜೆ ಎತ್ತಿದಾಗಲೆಲ್ಲ ಬೂದು ಬಣ್ಣ ಮಿನುಗಿ ಮರೆಯಾಗುತ್ತಿತ್ತು. ದೇವರ ಮರದ ಬಳಿ ಅವನು ನಿಂತದ್ದನ್ನು, ಟೋಪಿ ತೆಗೆದದ್ದನ್ನು, ಮತ್ತೆ ಹೊರಟದ್ದನ್ನು ಅರಪ್ತಾನ್ ಕೆಳಗಿನಿಂದ ನೋಡಿದ. ಮರಗಳ ಆಚೆ ಚುಕ್ಕಿಯಾಗಿ ಕರಗುವವರೆಗೂ ನೋಡಿದ.

ಮಧ್ಯಾಹ್ನದ ಹೊತ್ತಿಗೆ ಸೆದಿಪ್ ಇಳಿದು ಬಂದ. ತನ್ನ ಮನೆಗೆ ಹೋಗದೆ ನೇರ ಅರಪ್ತಾನನ ಅಂಗಳಕ್ಕೆ ಬಂದು, ಬಾಗಿಲ ಮುಂದಿನ ಮರದ ದಿಮ್ಮಿಯ ಮೇಲೆ ಕೂತ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಮೀಸೆಯಲ್ಲಿ ಹಿಮ. ತೊರ್ಗು ಚಹಾ ತಂದಿಟ್ಟು, ಒಳಗೆ ಕೆಲಸವಿರುವವಳ ಹಾಗೆ ಹೋದಳು. ಬಾಗಿಲು ಮಾತ್ರ ಮುಚ್ಚಲಿಲ್ಲ.

"ನಿನ್ನ ಬಿಳಿಕಾಲಿ ಕೈ ಕಚ್ಚಿದ್ಲು," ಎಂದ ಸೆದಿಪ್. ಎರಡು ವರ್ಷಗಳ ಮೇಲಿನ ಮೊದಲ ಮಾತು ಅದು.

"ಗುರುತಿಲ್ಲದೋರನ್ನ ಕಚ್ತಾಳೆ."

"ಕಚ್ಚಿ ಆದ್ಮೇಲೆ ಬಗ್ಗಿ ಹಲಗೆ ಮೂಸಿದ್ಲು. ಹುಲ್ಲು ಬಿಟ್ಟು ಮೂಸಿದ್ಲು ಕಣಣ್ಣ, ಬಹಳ ಹೊತ್ತು. ನಾನು ಕಾಲು ಅಲ್ಲಾಡಿಸ್ದೆ ನಿಂತಿದ್ದೆ."

ಅಣ್ಣ ಎಂಬ ಮಾತು ಬಂದುಹೋದದ್ದನ್ನು ಇಬ್ಬರೂ ಗಮನಿಸದವರಂತೆ ಇದ್ದರು. ಸೆದಿಪ್ ಚಹಾ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. ಸೊಂಟದ ಚಾಕು ತೆಗೆದ. ಹಲಗೆಯೊಂದನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ಚಾಕುವಿನ ತುದಿಯಿಂದ ಅಂಚಿನ ಮೊದಲ ಮೊಳೆಯನ್ನು ಮೀಟಿದ.

"ಏನ್ ಮಾಡ್ತಿದೀಯ?"

"ಕಾಣಲ್ವಾ?"

"ಹಲಗೇನೇ ಕೊಟ್ಟಿದ್ರೂ ನಡೀತಿತ್ತು. ನಾಲ್ಕು ದಿನದ ಮಟ್ಟಿಗೆ."

"ನನ್ನ ಹಲಗೆ ಕಟ್ಕೊಂಡ್ರೆ ನೀನು ಎರಡು ದೋಣಿಯಲ್ಲಿ ನಿಂತ ಕೋಳಿ ಥರ ಕಾಣ್ತೀಯ. ಊರೆಲ್ಲ ನೋಡ್ತಿರತ್ತೆ." ಎರಡನೆಯ ಮೊಳೆ ಹೊರಬಂತು. ಅವನು ಅದನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಮುಂದುವರಿಸಿದ. ಬಾಯಿ ತುಂಬ ಮೊಳೆ ಇರುವಾಗ ಕಷ್ಟದ ಮಾತು ಹೇಳುವುದು ಸುಲಭವೋ ಏನೋ, ತಲೆಯೆತ್ತದೆ ಹೇಳಿದ: "ಕಂದು ಕುದುರೆಗೆ ಕಾಲೇ ಉಳಿದಿರಲಿಲ್ಲ. ಇವತ್ತು ತರ್ತೀನಿ, ನಾಳೆ ತರ್ತೀನಿ ಅಂತ ಬೆಟ್ಟದಲ್ಲೇ ಬಿಟ್ಟಿದ್ದೆ. ತೋಳಗಳು ನನಗಿಂತ ಮುಂಚೆ ಹೋದ್ವು. ಬೆನ್ನಿನ ತೊಗಲು ಒಂದಿಷ್ಟು ಸಿಕ್ತು. ಕುದುರೆ ಕಾಯಕ್ಕಾಗದೋನು ಅಂತ ಹೇಗೆ ಹೇಳ್ಲಿ ನಿನ್ನ ಹತ್ರ? ಮಾರ್ಕೊಂಡ ಅಂತ ನೀನು ಅಂದ್ಕೊಂಡಿದ್ದು ಗೊತ್ತಿತ್ತು. ಅದೇ ವಾಸಿ ಅನ್ನಿಸ್ತು."

ಎರಡು ಚಳಿಗಾಲ ತಾನು ಎಳೆದುಕೊಂಡು ಹತ್ತಿದ ಹೊರೆಯೊಂದರ ಹಗ್ಗವನ್ನು ಯಾರೋ ಬಿಚ್ಚಿದಂತಾಗಿ, ಅದು ಹೋದ ಮೇಲೆಯೇ ಅದರ ಭಾರ ಅರಪ್ತಾನನಿಗೆ ತಿಳಿಯಿತು. ಒಳಗಿನಿಂದ ತೊರ್ಗು ಒಲೆಯನ್ನು ಅನಾವಶ್ಯಕವಾಗಿ ಕೆದಕುವ ಸದ್ದು ಬರುತ್ತಿತ್ತು.

"ನೀನು ಯಾತರ ಮೇಲೆ ಓಡಾಡ್ತೀಯ?" ಎಂದು ಕಡೆಗೆ ಕೇಳಿದ.

"ಓಡಾಡಿ ಏನಾಗ್ಬೇಕು? ಒಂದು ಸಲ ಹತ್ತಿದ್ದಕ್ಕೇ ಮಂಡಿ ಮುರಿದುಬಿತ್ತು. ಉಳಿದ ಎರಡು ಸಲ ನೀನೇ ಹತ್ತು, ನಾನು ಬಾಗಿಲಲ್ಲಿ ಕೂತು ನೋಡ್ತೀನಿ."

ಎರಡನೆಯ ಹಲಗೆಯ ಕೊನೆಯ ಮೊಳೆಯೂ ಬಂತು. ಎರಡು ಪಟ್ಟಿ ತೊಗಲೂ ಹಲಗೆ ಬಿಟ್ಟು ಏಳುವಾಗ ಮೆಲ್ಲನೆ ಸದ್ದು ಮಾಡಿದವು. ನಡುವೆ ಸ್ವಲ್ಪ ಸವೆದಿದ್ದವು, ಅಂಚಿನಲ್ಲಿ ಕೂದಲು ಇನ್ನೂ ದಟ್ಟವಾಗಿತ್ತು. ಆ ಹಳೆಯ ಬೂದು ಬಣ್ಣ, ಮೊಣಕಾಲಿನ ಹತ್ತಿರ ಕಪ್ಪಾಗುವಂಥದು. ಸೆದಿಪ್ ಹಿಮವನ್ನು ಅಂಗೈಯಿಂದ ಒರೆಸಿದ. ಮೊಳೆಗಳನ್ನು ಬಾಯಿಂದ ತೆಗೆದು ದಿಮ್ಮಿಯ ಮೇಲೆ ಸಾಲಾಗಿಟ್ಟ. ಆಮೇಲೆ ಎದ್ದು ನಿಂತು, ಮರ್ಯಾದೆಗೆ ಅಂಗಿಯ ತೋಳುಗಳನ್ನು ಕೆಳಗೆ ಎಳೆದುಕೊಂಡು, ಟೋಪಿ ಸರಿಮಾಡಿಕೊಂಡು, ಕೂದಲು ಅರಪ್ತಾನನ ಕಡೆಗೆ ಮಲಗುವಂತೆ ತೊಗಲನ್ನು ತಿರುಗಿಸಿ, ಎರಡು ಕೈಯಲ್ಲೂ ಹಿಡಿದು ಕೊಟ್ಟ.